ತೋಟದ ಲೈನ್‌ಮನೆಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ನೆರೆಯವರ ಮಾರ್ಗದರ್ಶನ: ಆರಂಭಿಸುವ ಬಗೆ

ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಕನ್ನಡ, ತುಳು, ತಮಿಳು, ಬ್ಯಾರಿ ಮಾತನಾಡುವವರ ಜೊತೆಗೆ ಈಚೆಗೆ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಅನ್ನ ಕಡಿಮೆ ಮಾಡಿ ಎಂಬ ವೈದ್ಯರ ಮಾತು ಒಂದೇ ಆದರೂ ಒಂದೊಂದು ಅಡುಗೆಮನೆಯಲ್ಲಿ ಅದರ ತೊಡಕು ಒಂದೊಂದು ಬಗೆಯದು. ಆದ್ದರಿಂದ ಅದೇ ಕಾಯಿಲೆಯೊಂದಿಗೆ ಬದುಕುತ್ತಿರುವ, ಅದೇ ಭಾಷೆಯ ನೆರೆಯವರನ್ನೇ ಮಾರ್ಗದರ್ಶಕರನ್ನಾಗಿ ಸಿದ್ಧಪಡಿಸಬೇಕು.

ಆಯ್ಕೆಯಲ್ಲಿ ಓದಿಗಿಂತ ನಂಬಿಕೆ ದೊಡ್ಡದು. ಮೇಸ್ತ್ರಿಯನ್ನಾಗಲಿ ರೈಟರನ್ನಾಗಲಿ ಈ ಕೆಲಸಕ್ಕೆ ಆರಿಸದಿರುವುದು ಒಳ್ಳೆಯದು. ಹಾಜರಿ ಬರೆಯುವವರ ಮುಂದೆ ಸುಸ್ತು, ಕಣ್ಣು ಮಂಜು ಎಂದು ಹೇಳಿಕೊಳ್ಳಲು ಕೂಲಿಯವರು ಅಂಜುತ್ತಾರೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಮತ್ತು ಸಂಗಡಿಗರು, ದೀರ್ಘಕಾಲದ ಕಾಯಿಲೆಯವರು ತಮ್ಮ ಆರೈಕೆಯನ್ನು ತಾವೇ ನಿಭಾಯಿಸಲು ಕಲಿಯಲೆಂದು ರೂಪಿಸಿದ ಕಾರ್ಯಕ್ರಮದಲ್ಲಿ ವಾರಕ್ಕೊಮ್ಮೆ ಎರಡೂವರೆ ಗಂಟೆಯಂತೆ 6 ವಾರ ಸಭೆ ನಡೆಯುತ್ತದೆ. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ನಮ್ಮಲ್ಲಿ ಅಷ್ಟು ಹೊತ್ತು ಯಾರಿಗೂ ಸಿಗದು. ಸಂಜೆ ಅರ್ಧ ಗಂಟೆ ಸಿಕ್ಕರೂ ಸಾಕು. ಆದರೆ ಅದರ ತಿರುಳನ್ನು ಬಿಡಬಾರದು: ಪ್ರತಿಯೊಬ್ಬರೂ ತಮ್ಮ ವಾರದ ಗುರಿಯನ್ನು ತಾವೇ ಹೇಳಬೇಕು. ‘ರಾತ್ರಿ ಮೂರು ಸೌಟು ಅನ್ನದ ಬದಲು ಎರಡು, ವಾರದಲ್ಲಿ ನಾಲ್ಕು ದಿನ’ ಎನ್ನುವಷ್ಟು ಖಚಿತವಾಗಿರಲಿ. ಸಾಧಿಸುವ ಭರವಸೆ 10ಕ್ಕೆ ಎಷ್ಟೆಂದು ಕೇಳಿ, 7ಕ್ಕಿಂತ ಕಡಿಮೆಯೆಂದರೆ ಗುರಿಯನ್ನೇ ಚಿಕ್ಕದು ಮಾಡಿಕೊಳ್ಳಲು ನೆರವಾಗಿ.

ಗುಳಿಗೆ ಅಥವಾ ಇನ್ಸುಲಿನ್ ಪ್ರಮಾಣವನ್ನು ಮಾರ್ಗದರ್ಶಕರು ಎಂದಿಗೂ ಬದಲಿಸಕೂಡದು. ರಂಜಾನ್ ಉಪವಾಸ ಹಿಡಿಯುವವರನ್ನು ತಿಂಗಳು ಆರಂಭವಾಗುವ ಮೊದಲೇ ವೈದ್ಯರ ಬಳಿಗೆ ಕಳುಹಿಸಬೇಕು. ಏಕಾದಶಿ, ಶಿವರಾತ್ರಿಗೂ ಇದೇ ಎಚ್ಚರ ಅಗತ್ಯ.

ಕೊಯ್ಲಿನ ನಡುವೆ ಕೈ ನಡುಕ, ತಣ್ಣನೆಯ ಬೆವರು, ತಲೆಸುತ್ತು ಬಂದರೆ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಿರಬಹುದು. ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಕೂರಿಸಿ ಮತ್ತೆ ನೋಡಬೇಕು; ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಸಕ್ಕರೆಯ ಪೊಟ್ಟಣ ಮನೆಯ ಡಬ್ಬಿಯಲ್ಲಿದ್ದರೆ ಪ್ರಯೋಜನವಿಲ್ಲ, ಸೊಂಟಕ್ಕೆ ಕಟ್ಟಿದ ಚೀಲದಲ್ಲಿರಬೇಕು. ಗಮ್‌ಬೂಟು ಕಳಚಿದ ಮೇಲೆ ದಿನವೂ ಪಾದ ನೋಡಿಕೊಳ್ಳುವ ರೂಢಿಯಾಗಲಿ. ಈ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಕಾಲಿಗೆ ಜಿಗಣೆ ಕಚ್ಚಿದ್ದೂ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ.

ಮಾಯದ ಹುಣ್ಣು, ಎದೆನೋವು, ಮಾತು ತೊದಲುವಿಕೆ ಕಂಡರೆ ಮುಂದಿನ ಸಭೆಗೆ ಕಾಯಬಾರದು. 108ಕ್ಕೆ ಕರೆ ಮಾಡಲು ತೋಟದ ಯಾವ ದಿಣ್ಣೆಯಲ್ಲಿ ಸಿಗ್ನಲ್ ಸಿಗುತ್ತದೆ, ರಾತ್ರಿ ಯಾರ ಜೀಪು ಹೊರಡುತ್ತದೆ ಎಂಬುದನ್ನು ಪ್ರತಿ ಮಾರ್ಗದರ್ಶಕರೂ ಮೊದಲ ವಾರದಲ್ಲೇ ತಿಳಿದಿಟ್ಟುಕೊಳ್ಳಬೇಕು.