ಕಿವು ಸರೋವರದ ದಂಡೆಯಲ್ಲಿ ಪಲ್ಪರ್ ಕೂರಿಸಿದ ಅನುಭವ

ರುವಾಂಡಾಕ್ಕೆ ಹೋಗುವ ಮೊದಲು ನಾನು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜ ಬಿಡಿಸುವ ಯಂತ್ರ) ಕೂರಿಸುತ್ತಿದ್ದದ್ದು ಚಿಕ್ಕಮಗಳೂರು ಕಡೆಯ ತೋಟಗಳಲ್ಲಿ. ಇಲ್ಲಿ ಸ್ವಲ್ಪ ಅನುಕೂಲಸ್ಥರಾದರೆ ಸ್ವಂತ ಪಲ್ಪರ್, ಸ್ವಂತ ಕಣ ಇರುತ್ತದೆ. ಅಲ್ಲಿ ಒಬ್ಬ ರೈತನಿಗೆ ಇರುವುದೇ ಕೆಲವು ನೂರು ಗಿಡ. ಹಿಂದೆಲ್ಲ ಹಣ್ಣನ್ನು ಮನೆಯಂಗಳದಲ್ಲೇ ಕಲ್ಲಿನಿಂದ ಜಜ್ಜಿ, ಒಣಗಿಸಿ, ವ್ಯಾಪಾರಿ ಹೇಳಿದ ಬೆಲೆಗೆ ಕೊಡುತ್ತಿದ್ದರು. ದೇಶಗಳ ರಫ್ತಿಗೆ ಮಿತಿ ಹಾಕಿ ಬೆಲೆ ಹಿಡಿದಿಟ್ಟಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ 1989ರಲ್ಲಿ ಮುರಿದುಬಿದ್ದು ಆ ಬೆಲೆಯೂ ಕುಸಿಯಿತು. ಮರುವರ್ಷವೇ ಅಂತರ್ಯುದ್ಧ. 1994ರ ಏಪ್ರಿಲ್‌ನಿಂದ ನೂರು ದಿನ ನಡೆದ ಜನಾಂಗೀಯ ನರಮೇಧದಲ್ಲಿ ಸುಮಾರು 8 ಲಕ್ಷ ಜನರ ಕೊಲೆಯಾಯಿತು. ಅದು ಅಲ್ಲಿ ಕಾಫಿ ಕೊಯ್ಲಿನ ಕಾಲ.

ಅಂಥ ದೇಶ ಕಾಫಿಯಿಂದಲೇ ಏಕೆ ಮೇಲೇಳಲು ಹೊರಟಿತು ಎಂಬುದು ನನಗೆ ಅರ್ಥವಾದದ್ದು ಲಾರಿ ಬಾಡಿಗೆಯ ಲೆಕ್ಕ ಹಾಕಿದಾಗ. ರಾಜಧಾನಿ ಕಿಗಾಲಿಯಿಂದ ತಾಂಜಾನಿಯಾದ ದಾರ್ ಎಸ್ ಸಲಾಂ ಬಂದರಿಗೆ 1,400 ಕಿ.ಮೀ.ಗೂ ಹೆಚ್ಚು ದೂರ. ಸಾಗಣೆಗೇ ಅಷ್ಟು ಹೋಗುವಾಗ, ಕಿಲೋಗೆ ಒಳ್ಳೆಯ ಬೆಲೆ ತರುವ ಸರಕಿಗೆ ಮಾತ್ರ ಅರ್ಥವಿದೆ. ಕಲ್ಲಿನಿಂದ ಜಜ್ಜಿದ ಕಾಫಿಗಲ್ಲ, ಯಂತ್ರದಲ್ಲಿ ಪಲ್ಪ್ ಮಾಡಿ ತೊಳೆದ ಕಾಫಿಗೆ ಆ ಬೆಲೆ. ಹುಯೆ ಕಡೆಯ ಮರಬಾದ ರೈತರು 1999ರಲ್ಲಿ ಸಹಕಾರ ಸಂಘ ಕಟ್ಟಿ ದಾರಿ ತೋರಿಸಿದರು. 2000ದಲ್ಲಿ ಬೆರಳೆಣಿಕೆಯಷ್ಟಿದ್ದ ಪಲ್ಪಿಂಗ್ ಘಟಕಗಳು ಮುಂದಿನ ಹತ್ತು ವರ್ಷಗಳಲ್ಲಿ ಇನ್ನೂರರ ಹತ್ತಿರ ಬಂದವು.

ನನ್ನ ಘಟಕ ಇದ್ದದ್ದು ಕಿವು ಸರೋವರದ ದಂಡೆಯ ನ್ಯಾಮಶೆಕೆ ಜಿಲ್ಲೆಯಲ್ಲಿ. ಮೇಲಿನ ತೊರೆಯಿಂದ ಪೈಪಿನಲ್ಲಿ ನೀರು ತಂದು, ಇಳಿಜಾರಿನಲ್ಲಿ ತೊಟ್ಟಿಗಳನ್ನು ಒಂದರ ಕೆಳಗೊಂದು ಕಟ್ಟಿಸಿದೆ. ಯಂತ್ರದ ಕೆಲಸ ಬೇಗ ಮುಗಿಯಿತು. ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ತಕ್ಕಡಿಯ ವಿಷಯಕ್ಕೆ. ಮುಳ್ಳು ರೈತನ ಕಡೆ ಮುಖ ಮಾಡಿರಬೇಕು, ಚೀಟಿ ಅಲ್ಲೇ ಕೈಗೆ ಬರಬೇಕು, ಯಾರು ತಂದರೂ ಒಂದೇ ದರ ಎಂದು ಹಟ ಹಿಡಿದೆ. ನೆರೆಯವನೇ ನೆರೆಯವನನ್ನು ಕೊಂದ ಊರಲ್ಲಿ ಅರ್ಧ ಕಿಲೋ ಮೋಸವೂ ಬರೀ ಮೋಸವಾಗಿ ಉಳಿಯುವುದಿಲ್ಲ.

ಹಣ್ಣು ಸಂಜೆ ಬರುತ್ತದೆ, ರಾತ್ರಿಯೇ ಪಲ್ಪ್ ಆಗಬೇಕು. ಬೆಳಗ್ಗೆ ನೆರಳಿನ ಮೇಜುಗಳ ಮೇಲೆ ಹಸಿ ಪಾರ್ಚ್‌ಮೆಂಟ್ (ಒಳಸಿಪ್ಪೆ ಇನ್ನೂ ಇರುವ ಬೀಜ) ಹರಡಿ ಹೆಂಗಸರು ಹೆಕ್ಕುತ್ತಾರೆ. ಗಂಡನನ್ನು ಕಳೆದುಕೊಂಡಾಕೆ ಒಂದು ಕಡೆ, ನರಮೇಧದ ಪ್ರಕರಣದಲ್ಲಿ ಗಂಡ ಜೈಲಿಗೆ ಹೋದಾಕೆ ಎದುರು ಕಡೆ. ಅಲ್ಲಿ ಯಾರು ಯಾವ ಜನಾಂಗ ಎಂದು ಕೇಳುವ ಪದ್ಧತಿಯಿಲ್ಲ, ನಾನೂ ಕೇಳಲಿಲ್ಲ. ಅವರ ನಡುವೆ ನನ್ನ ಕಿವಿಗೆ ಬಿದ್ದದ್ದೆಲ್ಲ ಬೀಜದ ಮಾತೇ. ಆಂಟೆಸ್ಟಿಯಾ ತಿಗಣೆ ಚುಚ್ಚಿದ ಹಣ್ಣಿನ ಒಂದೇ ಬೀಜ ಸಾಕು, ಇಡೀ ಲೋಟ ಕಾಫಿಗೆ ಹಸಿ ಆಲೂಗಡ್ಡೆ ವಾಸನೆ ಬಂದುಬಿಡುತ್ತದೆ. ನೀರಲ್ಲಿ ತೇಲಿದ ಹಣ್ಣನ್ನು ತೆಗೆದರೂ ಕೆಲವು ತಪ್ಪಿಸಿಕೊಂಡು ಬರುತ್ತವೆ. ಸಣ್ಣ ಚುಕ್ಕೆಯೊಂದರ ಬಗ್ಗೆ ಆ ಇಬ್ಬರೂ ತಲೆಗೆ ತಲೆ ಕೊಟ್ಟು ವಾದ ಮಾಡಿದ್ದನ್ನು ನಾನು ಕಂಡಿದ್ದೇನೆ. ರಾಜಿ ಆಯಿತೆಂದು ನಾನು ಹೇಳಲಾರೆ. ದಿನದ ಕೂಲಿ ಇಬ್ಬರಿಗೂ ಸಮ, ಹೆಕ್ಕಿದ ಬೀಜಕ್ಕೆ ಇಬ್ಬರೂ ಹೊಣೆ. ಅಷ್ಟನ್ನು ಒಂದು ಘಟಕ ಮಾಡಬಲ್ಲದು, ಮಾಡಲೇಬೇಕು.

ಕೈಗಾರಿಕೆ ಎಂದರೆ ಇಷ್ಟೇ ಅಲ್ಲ ಎಂಬ ಸಂಕಟವೂ ನನಗಿದೆ. ಕಿಗಾಲಿಯಲ್ಲಿ ಹುರಿಯುವ ಘಟಕಗಳು ಬಂದಿವೆ, ಆದರೆ ದೇಶ ಬಿಡುವ ಕಾಫಿ ಬಹುಪಾಲು ಇನ್ನೂ ಹಸಿ ಬೀಜವೇ. ಹುರಿದು ಮಾರುವ ಲಾಭ ಹೊರಗಿನವರಿಗೆ ಹೋಗುತ್ತದೆ. ನನ್ನ ಹತ್ತಿರ ಪಲ್ಪರ್ ಡಿಸ್ಕಿನ ಗ್ಯಾಪ್ ಹೊಂದಿಸಲು ಕಲಿತ ಹುಡುಗರು ಈಗಲೂ ಫೋನ್ ಮಾಡುತ್ತಾರೆ. ಪಲ್ಪರ್ ಬಗ್ಗೆ ಅವರಿಗೆ ಕೇಳುವುದೇನೂ ಉಳಿದಿಲ್ಲ. ಸಣ್ಣ ರೋಸ್ಟರ್‌ಗೆ ಎಷ್ಟು ಗ್ಯಾಸ್ ಬೇಕು, ಡ್ರಮ್ಮಿನ ಬೇರಿಂಗ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಾರೆ.