ಆಲ್ಕಲೈನ್ ಮಷಿನ್ ಕೊಳ್ಳೋ ಮುಂಚೆ ಬೋರ್ ನೀರಿನ ರಿಪೋರ್ಟ್ ನೋಡಿ

ಹೋದ ತಿಂಗಳು ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ತಂಗಿ ಮಗಳು ಫೋನ್ ಮಾಡಿದಳು. "ದೊಡ್ಡಮ್ಮ, ಆಲ್ಕಲೈನ್ ನೀರಿನ ಮಷಿನ್ ತೋರಿಸೋಕೆ ಬರ್ತಾರೆ, ನೀವೂ ಬನ್ನಿ" ಎಂದಳು. ಬೆಲೆ ಎಷ್ಟು ಎಂದೆ. 1 ಲಕ್ಷ 60 ಸಾವಿರ. "ಅಷ್ಟು ದುಡ್ಡಿಗೆ ಎರಡು ಎಮ್ಮೆ ಬರ್ತಾವೆ ಕಣೇ, ನೀರಿನ ಬದಲು ಹಾಲೇ ಕುಡೀಬಹುದು" ಎಂದೆ. ನಕ್ಕಳು. ಆದರೆ ಅವಳ ಮನಸ್ಸು ಆಗಲೇ ಅರ್ಧ ಆ ಕಡೆ ವಾಲಿತ್ತು.

ಇಬ್ಬರು ಹುಡುಗರು ಬಂದರು. ಡೈನಿಂಗ್ ಟೇಬಲ್ ಮೇಲೆ ಮೂರು ಗಾಜಿನ ಲೋಟ ಇಟ್ಟರು. ಒಂದರಲ್ಲಿ ಅಂಗಡಿ ಕ್ಯಾನಿನ ನೀರು, ಒಂದರಲ್ಲಿ ಮನೆಯ ಆರ್‌ಒ (ತೆಳು ಪೊರೆಯಲ್ಲಿ ಸೋಸೋ ಫಿಲ್ಟರ್) ನೀರು, ಇನ್ನೊಂದರಲ್ಲಿ ಅವರ ಮಷಿನ್ ನೀರು. ಪುಟ್ಟ ಬಾಟಲಿಯಿಂದ ಮೂರಕ್ಕೂ ನಾಲ್ಕು ಹನಿ ಬಿಟ್ಟರು. ಮೊದಲ ಎರಡು ಹಳದಿ ಆದವು. ಮೂರನೆಯದು ಚೆಂದದ ನೇರಳೆ ಬಣ್ಣಕ್ಕೆ ತಿರುಗಿತು. "ನೋಡಿ ಮೇಡಂ, ಇಷ್ಟು ದಿನ ನೀವು ಕುಡೀತಿದ್ದಿದ್ದು ಆಸಿಡ್" ಎಂದ ಒಬ್ಬ. ಇವಳ ಮುಖ ಸಪ್ಪಗಾಯಿತು.

ನಾನು ಅಡುಗೆಮನೆಗೆ ಹೋಗಿ ಅರ್ಧ ನಿಂಬೆಹಣ್ಣು ತಂದೆ. ನೇರಳೆ ಲೋಟಕ್ಕೆ ಸ್ವಲ್ಪವೇ ಹಿಂಡಿದೆ. ಕಣ್ಣ ಮುಂದೆಯೇ ನೇರಳೆ ಹೋಗಿ ಕೆಂಪಾಯಿತು. "ಇಷ್ಟು ಹುಳಿಗೇ ಹೀಗಾದರೆ, ಹೊಟ್ಟೆಗೆ ಹೋದ ಮೇಲೆ ಏನಪ್ಪಾ?" ಎಂದೆ. "ಅದು ಬೇರೆ ವಿಷಯ ಮೇಡಂ" ಎಂದ.

ಬೇರೆ ವಿಷಯ ಏನಲ್ಲ, ಅದೇ ವಿಷಯ. ಬಣ್ಣ ಬದಲಾಗೋದು ನಮ್ಮ ಹೆಣ್ಮಕ್ಕಳಿಗೆ ಹೊಸದೂ ಅಲ್ಲ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಆರತಿ ನೀರು ಕೆಂಪಾಗುತ್ತದೆ. ಸಾರು ಚೆಲ್ಲಿದ ಸೀರೆಗೆ ಸೋಪು ತಿಕ್ಕಿದರೆ ಹಳದಿ ಕಲೆ ಕೆಂಪಗಾಗುತ್ತದೆ. ಸುಣ್ಣ, ಸೋಪು ಎರಡೂ ಕ್ಷಾರ. ಆಲ್ಕಲೈನ್ ಅಂದರೆ ಅಷ್ಟೇ, ಕ್ಷಾರದ ಗುಣ. ಹನಿ ಬಿಟ್ಟು ತೋರಿಸಿದ್ದು ನೀರಿನ ಗುಣವೇ ಹೊರತು ಆರೋಗ್ಯ ಅಲ್ಲ.

ಇದನ್ನು ಅಳೆಯೋದಕ್ಕೆ ಪಿಎಚ್ ಅನ್ನುತ್ತಾರೆ. 7 ಅಂದರೆ ನಡುಮಧ್ಯ. ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ನಮ್ಮ ಹೊಟ್ಟೆಯ ಆಮ್ಲ ಸುಮಾರು 1.5ರಿಂದ 3.5ರ ಒಳಗೆ ಇರುತ್ತದೆ. ಅಂಥ ಹುಳಿಯ ಮುಂದೆ ಒಂದು ಲೋಟ ಮಷಿನ್ ನೀರು ಎಷ್ಟು ಹೊತ್ತು ನಿಂತೀತು? ಇನ್ನು ರಕ್ತದ ಪಿಎಚ್ 7.35ರಿಂದ 7.45. ಅದನ್ನು ಶ್ವಾಸಕೋಶ, ಕಿಡ್ನಿ ಎರಡೂ ಸೇರಿ ಹಗಲೂ ರಾತ್ರಿ ಕಾಯುತ್ತವೆ. ನೀವು ಮಜ್ಜಿಗೆ ಕುಡಿದರೂ ಅಷ್ಟೇ, ಮಷಿನ್ ನೀರು ಕುಡಿದರೂ ಅಷ್ಟೇ.

ಆ ಹುಡುಗರು ನೊಬೆಲ್ ಪ್ರಶಸ್ತಿಯ ಮಾತೂ ತೆಗೆದರು. ಒಟ್ಟೊ ವಾರ್‌ಬರ್ಗ್ ಅನ್ನೋ ವಿಜ್ಞಾನಿ ಕ್ಷಾರದಲ್ಲಿ ಕ್ಯಾನ್ಸರ್ ಬದುಕಲ್ಲ ಅಂತ ಕಂಡುಹಿಡಿದು ನೊಬೆಲ್ ಪಡೆದರಂತೆ. 1931ರಲ್ಲಿ ಅವರಿಗೆ ನೊಬೆಲ್ ಬಂದದ್ದು ನಿಜ, ಆದರೆ ಅದು ಜೀವಕೋಶ ಉಸಿರಾಡೋದಕ್ಕೆ ಬೇಕಾದ ಕಿಣ್ವದ ಕೆಲಸಕ್ಕೆ. ನೀರು ಮಾರೋಕೆ ಕ್ಯಾನ್ಸರ್ ಹೆಸರು ತೆಗೆಯೋದು ನನಗೆ ಸ್ವಲ್ಪವೂ ಸರಿ ಕಾಣಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಎದೆಯುರಿ, ಗಂಟಲಿಗೆ ಹುಳಿ ಬರೋರ ವಿಷಯದಲ್ಲಿ 2012ರಲ್ಲಿ ಒಂದು ಅಧ್ಯಯನ ಬಂದಿತ್ತು. 8.8 ಪಿಎಚ್ ನೀರು ಪೆಪ್ಸಿನ್ ಅನ್ನೋ ಜೀರ್ಣಕಿಣ್ವವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ ಎಂದು ಅದರಲ್ಲಿತ್ತು. ಆದರೆ ಅದು ನಡೆದದ್ದು ಪ್ರಯೋಗಾಲಯದಲ್ಲಿ, ಯಾರ ಹೊಟ್ಟೆಯಲ್ಲೂ ಅಲ್ಲ. ಅಷ್ಟನ್ನು ನಂಬಿ ಒಂದೂವರೆ ಲಕ್ಷ ಸುರಿಯೋದಾ? ರಾತ್ರಿ ಮಂಡಕ್ಕಿ ಮಿರ್ಚಿ ಬಿಟ್ಟು ನೋಡಿ ಮೊದಲು.

ಈಗ ನಮ್ಮೂರ ನೀರಿನ ಮಾತಿಗೆ ಬರೋಣ. ನನಗೆ ಹೇಳಬೇಕಾಗಿರೋದು ಇದೇ.

ನನ್ನ ತವರು ಜಗಳೂರು ತಾಲೂಕಿನ ಹಳ್ಳಿ. ಆಗ ಅದು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದ ಮೇಲೆ ಇತ್ತ ಬಂತು. ಊರಿಗೆ ಬೋರ್ ಬಂದಾಗ ನಾವು ಹಬ್ಬ ಮಾಡಿದ್ದೆವು. ತಣ್ಣಗಿನ ತಿಳಿ ನೀರು, ಬಾಯಿಗೂ ಹಿತವಾಗಿತ್ತು. ಹತ್ತು ವರ್ಷ ಕಳೆಯೋದರಲ್ಲಿ ಊರಿನ ಮಕ್ಕಳ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೀರು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ನನ್ನ ಸೋದರಮಾವ ನಲವತ್ತೈದಕ್ಕೇ ನೆಲದಿಂದ ಏಳೋಕೆ ಗೋಡೆ ಹಿಡಿಯುತ್ತಿದ್ದರು. ಅದೆಲ್ಲ ಬಂಡೆಯಿಂದ ನೀರಿಗೆ ಕರಗೋ ಫ್ಲೋರೈಡ್ ಅನ್ನೋ ಲವಣದ ಕೆಲಸ ಎಂದು ಗೊತ್ತಾಗಿದ್ದು ಎಷ್ಟೋ ತಡವಾಗಿ. ಅಲ್ಲಿಯವರೆಗೆ ನಾನೂ ಕುದಿಸಿ ಆರಿಸಿದ ನೀರೇ ಒಳ್ಳೇದು ಅಂತ ಮಕ್ಕಳಿಗೆ ಕುಡಿಸುತ್ತಿದ್ದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದದ್ದರಲ್ಲಿ ಅದು ಇನ್ನೂ ದಟ್ಟವಾಗುತ್ತದೆ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ತಮಾಷೆ ಏನು ಗೊತ್ತಾ? ನಮ್ಮ ಕಡೆಯ ಕಲ್ಲುನೆಲದ ಬೋರ್ ನೀರು ಸಾಮಾನ್ಯವಾಗಿ ಮೊದಲೇ ಕ್ಷಾರದ್ದು. ಕ್ಷಾರ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ ಇರೋ ನೀರಿನಲ್ಲೇ ಬಂಡೆಯ ಫ್ಲೋರೈಡ್ ಹೆಚ್ಚು ಕರಗೋದು. ನಮ್ಮೂರಿನವರ ಹಲ್ಲು, ಮೂಳೆ ಕೆಡಿಸಿದ್ದೂ ಆಲ್ಕಲೈನ್ ನೀರೇ! ಬರೀ ಕ್ಷಾರ ಇದೆ ಅಂತ ನೀರು ಒಳ್ಳೇದಾಗಲ್ಲ.

ಹಾಗಾಗಿ ಮೊದಲು ನೀರು ಟೆಸ್ಟ್ ಮಾಡಿಸಿ. ಜಿಲ್ಲಾ ಕೇಂದ್ರದಲ್ಲಿ ಕುಡಿಯುವ ನೀರಿನ ಸರ್ಕಾರಿ ಪ್ರಯೋಗಾಲಯ ಇರುತ್ತದೆ, ಖಾಸಗಿಯವೂ ಇವೆ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯಲ್ಲಿ ಪರೀಕ್ಷೆಯ ಕಿಟ್ ಕೇಳಿ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಮೋಟಾರು ಹಾಕಿ ಸ್ವಲ್ಪ ಹೊತ್ತು ನೀರು ಬಿಟ್ಟು ಆಮೇಲೆ ಹಿಡಿಯಿರಿ. ಸಂಪಿನ ತಳದ ನೀರು ಕೊಡಬೇಡಿ. ಕ್ರಿಮಿಯ ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡೋ ಬಾಟಲಿ ಬೇಕು, ಅದನ್ನು ತೊಳೆಯಬಾರದು. ರಿಪೋರ್ಟ್ ಬಂದಾಗ ಫ್ಲೋರೈಡ್ ಮೊದಲು ನೋಡಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ನಿಶ್ಚಿಂತೆ, 1.5 ದಾಟಿದರೆ ಕುಡಿಯಲೇಬಾರದು. ನೈಟ್ರೇಟ್ 45 ದಾಟಬಾರದು, ಪುಟ್ಟ ಮಕ್ಕಳಿರೋ ಮನೆಯಲ್ಲಂತೂ ಇದನ್ನು ಮರೀಬೇಡಿ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರೋದರ ಒಟ್ಟು ಲೆಕ್ಕ, 500ರ ಒಳಗಿದ್ದರೆ ಚೆನ್ನ. ಪಿಎಚ್ 6.5ರಿಂದ 8.5. ಇದು ನಮ್ಮ ದೇಶದ ಕುಡಿಯೋ ನೀರಿನ ಮಾನದಂಡ. ಆ ಹುಡುಗರು ಹೆಮ್ಮೆಯಿಂದ ತೋರಿಸಿದ್ದು 9.5!

ಇನ್ನೂರು ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ಹಿಡಿದು ನೀರು ಪಾಸು ಮಾಡಬೇಡಿ. ಕರಗಿದ್ದು ಒಟ್ಟು ಎಷ್ಟು ಅನ್ನೋದನ್ನು ಅದು ಹೇಳುತ್ತದೆ, ಫ್ಲೋರೈಡ್ ಎಷ್ಟಿದೆ ಅಂತ ಹೇಳಲ್ಲ. ನಾಲಿಗೆಗೂ ಗೊತ್ತಾಗಲ್ಲ, ಅದಕ್ಕೆ ರುಚಿ, ಬಣ್ಣ, ವಾಸನೆ ಏನೂ ಇಲ್ಲ.

ದಾವಣಗೆರೆಯಲ್ಲಿ ಬರೋ ತುಂಗಭದ್ರೆಯ ನಲ್ಲಿ ನೀರಿಗೆ ನನ್ನ ಪ್ರಕಾರ ಯುವಿ (ಕ್ರಿಮಿ ಕೊಲ್ಲೋ ಬೆಳಕು) ಇರೋ ಸಾಧಾರಣ ಫಿಲ್ಟರ್ ಸಾಕು. ಬೇಳೆ ಬೇಯೋದನ್ನು ನೋಡಿದರೇ ಗೊತ್ತಾಗುತ್ತದೆ, ನಲ್ಲಿ ನೀರಿನಲ್ಲಿ ಬೆಣ್ಣೆ ಹಾಗೆ ಬೇಯೋ ತೊಗರಿಬೇಳೆ ಗಡಸು ಬೋರ್ ನೀರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಕಲ್ಲು. ಫ್ಲೋರೈಡ್ ಇರೋ ಬೋರ್ ನೀರೇ ಗತಿ ಎಂದಾದರೆ ಆರ್‌ಒ ಬೇಕೇ ಬೇಕು. ಆರ್‌ಒ ಖನಿಜಗಳನ್ನು ತೆಗೆಯೋದರಿಂದ ನೀರು ಸ್ವಲ್ಪ ಹುಳಿ ಕಡೆ ವಾಲುತ್ತದೆ, ಹಳದಿ ಬಣ್ಣದ ಗುಟ್ಟು ಅದೇ. ಅದರಿಂದ ಭಯವಿಲ್ಲ. ಆರ್‌ಒ ಜೊತೆ ಬರೋ ಚಿಕ್ಕ ಆಲ್ಕಲೈನ್ ಕ್ಯಾಂಡಲ್ ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ವಾಪಸ್ ಸೇರಿಸುತ್ತದೆ, ರುಚಿ ಬರುತ್ತದೆ. ಇದ್ದರೆ ಇರಲಿ, ಅದಕ್ಕಂತಲೇ ಜಾಸ್ತಿ ದುಡ್ಡು ಕೊಡಬೇಡಿ. ಆರ್‌ಒ ಹೊರಗೆ ಬಿಡೋ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಿ, ಪಾತ್ರೆ ತೊಳೀರಿ. ತುಳಸಿಗೆ ಹಾಕಬೇಡಿ, ಉಪ್ಪು ಕೂತು ಗಿಡ ಕೊರಗುತ್ತದೆ.

ಇನ್ನು ಕೆಲವರು ಮಷಿನ್ ಯಾಕೆ ಅಂತ ನೀರಿಗೆ ಅಡುಗೆ ಸೋಡಾ ಹಾಕಿ ಕುಡೀತಾರೆ. ಬೇಡ. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಬಿಪಿ ಇರೋರಿಗೆ ಅದು ಉಪ್ಪು ತಿಂದ ಹಾಗೆಯೇ. ಕಿಡ್ನಿ ತೊಂದರೆ ಇರೋರು ಸೋಡಾ ಇರಲಿ, ಆಲ್ಕಲೈನ್ ನೀರನ್ನೂ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ತಂಗಿ ಮಗಳ ಮನೆಯ ಬೋರ್ ರಿಪೋರ್ಟ್ ಹದಿನೈದು ದಿನಕ್ಕೆ ಬಂತು. ಟಿಡಿಎಸ್ 940, ಫ್ಲೋರೈಡ್ 1.7, ಪಿಎಚ್ 8.1. ಕುಡಿಯೋಕೆ, ಅಡುಗೆಗೆ ಈಗ ನಲ್ಲಿ ನೀರನ್ನೇ ಬೇರೆ ಡ್ರಮ್ಮಿನಲ್ಲಿ ತುಂಬಿಸಿಕೊಳ್ಳುತ್ತಾಳೆ. ನಲ್ಲಿ ಬಾರದ ದಿನಕ್ಕೆ ಹಳೇ ಆರ್‌ಒ ಇದೆ, ಮೂರು ವರ್ಷದಿಂದ ಬದಲಾಯಿಸದ ಮೆಂಬ್ರೇನ್ (ಸೋಸೋ ಪೊರೆ) ಬದಲಾಯಿಸಿದಳು. ರಿಪೋರ್ಟನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ. ಆ ಹುಡುಗರು ಮತ್ತೆ ಫೋನ್ ಮಾಡಿದಾಗ, "ನಮ್ಮ ಬೋರ್ ನೀರು ಮೊದಲೇ ಆಲ್ಕಲೈನ್ ಅಂತೆ. ನಿಮ್ಮ ಮಷಿನ್ ಫ್ಲೋರೈಡ್ ತೆಗೆಯುತ್ತಾ?" ಎಂದು ಕೇಳಿದಳಂತೆ. ಸಾರ್ ಹತ್ತಿರ ಕೇಳಿ ಹೇಳ್ತೀವಿ ಎಂದವರು ಇನ್ನೂ ಹೇಳಿಲ್ಲ.