ಮೂರು ಭಾಗ, ಒಂದೇ ಬಾಗಿಲು: ಕನಸಿನ ದೃಶ್ಯ ತೆಗೆದ ನನ್ನ ಅನುಭವ

"ಕನಸು ಶುರುವಾದ್ರೆ ಜನ ಬೀಡಿ ಸೇದೋಕೆ ಎದ್ದು ಹೋಗ್ತಾರೆ ಮಾರಾಯ" ಅಂದಿದ್ದ ನಮ್ಮ ಎಡಿಟರ್. ಮೊದಲ ಭಾಗದಲ್ಲಿ ಅವನ ಮಾತೇ ನಿಜವಾಯಿತು.

ನಮ್ಮದು ಮೂರು ಕಿರುಚಿತ್ರ. ಒಬ್ಬನೇ ನಾಯಕ, ಶರಾವತಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಅಜ್ಜ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವನಿಗೆ ಹತ್ತು ವರ್ಷ. ಎಚ್ಚರದಲ್ಲಿ ಊರಿನ ಸುದ್ದಿಯನ್ನೇ ಎತ್ತುವವನಲ್ಲ. ಅದಕ್ಕೇ ಕನಸು ಬೇಕಾಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಹೊಗೆ ಮಷಿನ್, ಸ್ಲೋ ಮೋಷನ್, ಚಿತ್ರಕ್ಕೆ ನೀಲಿ ಬಣ್ಣ ತರುವ ಗ್ರೇಡಿಂಗ್. ಹಿನ್ನೀರಿನ ಗಾಳಿಗೆ ಹೊಗೆ ಒಂದು ಗಳಿಗೆ ನಿಲ್ಲಲಿಲ್ಲ. ಬಾಡಿಗೆ, ಜನರೇಟರ್, ಡೀಸೆಲ್ ಅಂತ ಸುಮಾರು 18 ಸಾವಿರ ನೀರುಪಾಲು. ಎರಡೂವರೆ ನಿಮಿಷದ ಆ ಕನಸನ್ನು ಶಿವಮೊಗ್ಗದಲ್ಲಿ ಗೆಳೆಯರಿಗೆ ತೋರಿಸಿದಾಗ ಒಬ್ಬ ಜೋರಾಗಿ ನಕ್ಕ. ಮನೆಗೆ ಬಂದು ಎಲ್ಲ ಕಿತ್ತು ಹಾಕಿದೆ. ಉಳಿದದ್ದು 40 ಸೆಕೆಂಡ್: ಬಿರುಕು ಬಿಟ್ಟ ಕೆಸರಿನ ಮೇಲೆ ಬರೀ ಒಂದು ಬಾಗಿಲುವಾಡ, ಅದರ ಹೊರಗೆ ಅಜ್ಜ. ಬಾಗಿಲುವಾಡ ಸಾಗರದ ಕಡೆ ಹಳೇ ಮನೆ ಕೆಡವಿದವರಿಂದ ಆರೇಳು ಸಾವಿರಕ್ಕೆ ತಂದದ್ದು.

ಬಣ್ಣ ಮುಟ್ಟಲಿಲ್ಲ. ಶಬ್ದ ಮಾತ್ರ ಬದಲಿಸಿದೆ. ಎಚ್ಚರದ ದೃಶ್ಯಗಳಲ್ಲಿ ಮಳೆಯೋ ಜೀರುಂಡೆಯೋ ಇದ್ದೇ ಇರುತ್ತದೆ, ಮಲೆನಾಡಲ್ವಾ. ಕನಸು ಬಂದ ಕೂಡಲೇ ಅದು ನಿಲ್ಲುತ್ತದೆ.

ನಡುವೆ ಒಂದು ಹುಚ್ಚು ಪ್ರಯೋಗ. ಅಜ್ಜನ ಪಾತ್ರಧಾರಿಗೆ ಬೆಳಿಗ್ಗೆ ಎದ್ದ ಕೂಡಲೇ ಅವರ ಕನಸನ್ನು ಫೋನಿನಲ್ಲಿ ಹೇಳಿ ಕಳಿಸಿ ಅಂದಿದ್ದೆ. ಹದಿನೈದು ದಿನವೂ ತೋಟಕ್ಕೆ ಮಂಗ ನುಗ್ಗಿದ್ದು, ಅಡಿಕೆ ರೇಟು ಬಿದ್ದಿದ್ದು. ಸುಮ್ನೆ ಬಿಟ್ಟೆ.

ಎರಡನೇ ಭಾಗಕ್ಕೂ ಅದೇ ಕನಸು, ಅದೇ ಲೆನ್ಸ್. ಒಳಗಿಂದ ಯಾರೋ ಕರೆಯಬೇಕು, ಅಷ್ಟೇ ಬದಲಾವಣೆ. ಆದರೆ ಆ ವರ್ಷ ಮೇ ಬಂದರೂ ನೀರು ಇಳಿದಿರಲಿಲ್ಲ. ಹೋದ ಸಲದ ಜಾಗದಲ್ಲಿ ಮೊಣಕಾಲುದ್ದ ನೀರು. ಎರಡು ದಿನ ಲಾಡ್ಜ್ ಬಾಡಿಗೆ ಕಟ್ಟಿ ಕಾದೆವು. ಮೂರನೇ ದಿನ ಸಿಟ್ಟಿನಲ್ಲಿ ಬಾಗಿಲುವಾಡಕ್ಕೆ ಕಲ್ಲು ಕಟ್ಟಿ ನೀರಲ್ಲೇ ನಿಲ್ಲಿಸಿದೆವು. ಕರೆಯುವ ದನಿ ಬೇಕಾಗಲೇ ಇಲ್ಲ.

ಈ ಎರಡೂ ಭಾಗದಲ್ಲಿ ಅಜ್ಜ ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚ್ ಹತ್ತಿರ ನಾಯಿ ಕಂಡರೆ ಕಲ್ಲು ಬೀರುತ್ತಾನೆ. ನೋಡಿದವರು ಕೆಟ್ಟ ಮುದುಕ ಅಂದುಕೊಂಡಿದ್ದರು. ಮೂರನೇ ಕನಸಿನಲ್ಲಿ ಬಾಗಿಲಿಗೆ ಹೊರಗಿಂದ ಚಿಲಕ ಹಾಕುವ ಕೈ ಹುಡುಗನದ್ದು. ಒಳಗೆ ಉಳಿದದ್ದು ಅವನ ನಾಯಿ. ನಾಯಿಯನ್ನು ತೋರಿಸಲೇ ಇಲ್ಲ. ಅಲ್ಲಿ ಬಳಸಿದ ಶಬ್ದ ನಾಯಿಯದ್ದಲ್ಲ. ಯಾವುದು ಅಂತ ನಮ್ಮ ಎಡಿಟರಿಗೂ ಹೇಳಿಲ್ಲ.

ಮೂರೂ ಸೇರಿ ಖರ್ಚು ಮೂರು ಲಕ್ಷ ದಾಟಲಿಲ್ಲ. ಮೊದಲ ಸಲ ನಕ್ಕಿದ್ದನಲ್ಲ, ಅವನೇ ಮೂರನೆಯದನ್ನು ನೋಡಿದ ರಾತ್ರಿ ಫೋನ್ ಮಾಡಿ ನಾಯಿಯ ಹೆಸರೇನು ಅಂತ ಕೇಳಿದ. ಸ್ಕ್ರಿಪ್ಟಿನಲ್ಲಿ ಹೆಸರೇ ಇರಲಿಲ್ಲ.